ಹೋದ ತೂತಿನಾಗ ಹೊಳ್ಳಿ ಬರಬೇಕು: ಕಸೂತಿ ಗೋಪುರ, ಆರನೇ ಸಲ

ಕೊನೆಗೂ ಗೋಪುರ ನೆಟ್ಟಗೆ ನಿಂತಿತು. ನಿನ್ನೆ ರಾತ್ರಿ ಹನ್ನೊಂದೂವರೆಗೆ ಎಂಬ್ರಾಯ್ಡರಿ ಮಷಿನ್ನಿನ ಹೂಪ್‌ನಿಂದ, ಅಂದರೆ ಬಟ್ಟೆ ಬಿಗಿದಿಡೋ ಚೌಕಟ್ಟಿನಿಂದ, ಬಟ್ಟೆ ಬಿಚ್ಚಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಹಿಂದೆ ಮುಂದೆ ಎರಡೂ ಕಡೆ ತಿರುಗಿಸಿ ನೋಡಿ, ಒಬ್ಬನೇ ಚಪ್ಪಾಳೆ ಹೊಡೆದೆ. ಇಲ್ಲಿವರೆಗಿನ ಖರ್ಚು: ಐದು ತುಂಡು ಕಪ್ಪು ಕಾಟನ್, ಎರಡು ಸೂಜಿ, ಒಂದು ಲಗ್ನಪತ್ರಿಕೆ. ಲಗ್ನಪತ್ರಿಕೆ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕೆಲಸ ಇಷ್ಟೇ. ಮುಂದಿನ ವಾರ ತಂಗಿಯ ಕುಬಸ, ಅಂದರೆ ಸೀಮಂತ. ಅವಳಿಗೆ ಕಪ್ಪು ರವಿಕೆಯ ತೋಳಿನ ಮೇಲೆ ಕಸೂತಿ ಗೋಪುರ, ಅದರ ಕೆಳಗೆ ಆನೆಗಳ ಸಾಲು ಬೇಕು. ಕೈಯಲ್ಲಿ ಹಾಕೋಕೆ ನನಗೆ ಬರಲ್ಲ, ಬರುವವರಿಗೆ ಈಗ ಕಣ್ಣು ಸರಿಯಿಲ್ಲ. ಹಾಗಾಗಿ ನನ್ನ 100×100 ಮಿ.ಮೀ. ಹೂಪಿನ ಪುಟ್ಟ ಮಷಿನ್. ಗೋಪುರದ ಡಿಸೈನ್ ದುಡ್ಡು ಕೊಟ್ಟು ತೊಗೊಂಡಿದ್ದು. ಆನೆ ಮಾತ್ರ ನಂದೇ, ದೊಡ್ಡವ್ವನ ಹಳೇ ಚಂದ್ರಕಾಳಿ, ಅಂದರೆ ಕಸೂತಿ ಹಾಕಿದ ಕಪ್ಪು ಸೀರೆಯ ಸೆರಗು ನೋಡಿ ಗ್ರಾಫ್ ಹಾಳೆಯಲ್ಲಿ ಎಣಿಸಿ ಬಿಡಿಸಿದ್ದು. ಎರಡೂ 2 ಮಿ.ಮೀ. ಚೌಕದ ಲೆಕ್ಕ, ಎರಡೂ 40 ಚೌಕ ಅಗಲ. ಅಂದರೆ 80 ಮಿ.ಮೀ. ತೋಳಿನಲ್ಲಿ ಸಿಗೋ ಜಾಗ 70. ಎರಡನ್ನೂ ಸೇರಿಸು, 87.5 ಪರ್ಸೆಂಟಿಗೆ ಇಳಿಸು, ಹೊಲಿ. ಒಂದು ಸಂಜೆಯ ಕೆಲಸ ಅಲ್ವಾ? ಹನ್ನೆರಡು ದಿನ ಹೋಯಿತು.

ಹೂಪ್ ಕಟ್ಟೋದು, ಬ್ಯಾಕಿಂಗ್ (ಬಟ್ಟೆಗೆ ಆಧಾರವಾಗಿ ಹಿಂದೆ ಕೊಡೋ ಹಾಳೆ) ಅಂಟಿಸೋದು ಎಲ್ಲ ನಿಮಗೆ ಗೊತ್ತಿರೋದೇ, ಬಿಟ್ಟುಬಿಡುತ್ತೇನೆ. ಒಂದೇ ಮಾತು: ಗವಂತಿ ಹೊಲಿಗೆಯ ನೋಟ ಬೇಕಿದ್ದರಿಂದ ಕೆಳಗಿನ ಬಾಬಿನ್‌ಗೂ ಮೇಲಿನ ದಾರವನ್ನೇ ಸುತ್ತಿದ್ದೆ, ಪ್ರತಿ ಗೆರೆಯ ಮೇಲೂ ಸೂಜಿ ಒಂದು ಸಲ ಹೋಗಿ ಒಂದು ಸಲ ವಾಪಸ್ ಬರುವಂತೆ ದಾರಿ ಹಾಕಿದ್ದೆ. ಕೈಯಲ್ಲಿ ಹಾಕೋ ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಬರುವಾಗ ಖಾಲಿ ಬಿಟ್ಟಿದ್ದು ತುಂಬುತ್ತದೆ, ಅದಕ್ಕೇ ಅದು ಎರಡೂ ಕಡೆ ಒಂದೇ ಥರ ಕಾಣೋದು. ಮಷಿನ್‌ಗೆ ನಿಜವಾಗಿ ಎರಡನೇ ಸುತ್ತು ಬೇಕಿಲ್ಲ. ಆದರೆ ಗೆರೆ ಸ್ವಲ್ಪ ದಪ್ಪ ಆಗುತ್ತದೆ, ಶುರುವಾದ ಜಾಗಕ್ಕೇ ಸೂಜಿ ವಾಪಸ್ ಬಂದು ನಿಲ್ಲುತ್ತದೆ, ನಡುನಡುವೆ ದಾರ ಕತ್ತರಿಸೋ ಗೋಳು ಕಡಿಮೆ.

ಮೊದಲ ಸಲ ಹೊಲಿದಾಗ ಗೋಪುರ ಕುಡಿದವನ ಕಣ್ಣಿಗೆ ಕಂಡಂತೆ ಬಂತು. ಮೆಟ್ಟಿಲು ಮೆಟ್ಟಿಲಾಗಿ ಏರುವ ಅಂಚುಗಳೆಲ್ಲ ಡಬಲ್. ಬುಡದ ಗೆರೆ ಬಲಗಡೆಯ ಗೋಡೆ ದಾಟಿ 2 ಮಿ.ಮೀ. ಹೊರಗೆ ಚಾಚಿತ್ತು. ಆನೆಗಳಿಗೆ ತಲಾ ಒಂದೂವರೆ ಸೊಂಡಿಲು. ಆದರೆ ಪ್ರತಿ ಅಂತಸ್ತೂ ಶುರುವಾಗೋದು ಸರಿಯಾದ ಜಾಗದಲ್ಲೇ, ಹೋಗ್ತಾ ಹೋಗ್ತಾ ಕೆಡೋದು. ಇದನ್ನು ನೋಡಿದ ಯಾರಾದರೂ ಏನು ಹೇಳುತ್ತಾರೆ? ಬಟ್ಟೆ ಜಾರಿದೆ. ನಾನೂ ಅದನ್ನೇ ಹೇಳಿಕೊಂಡೆ.

ಅಲ್ಲಿಂದ ಬ್ಯಾಕಿಂಗ್ ಪೇಪರ್ ಪುರಾಣ. ಪೇಟೆಯ ಒಂದು ಅಂಗಡಿಯಲ್ಲಿ ಕಟ್‌ಅವೇ (ಕೈಯಲ್ಲಿ ಹರಿಯದ, ಕತ್ತರಿಯಿಂದಲೇ ಕತ್ತರಿಸೋ ಥರದ್ದು) ಕೊಡಿ ಅಂದೆ, ಕೊಟ್ಟರು. ಮನೆಗೆ ಬಂದು ಮೂಲೆ ಹಿಡಿದು ಎಳೆದರೆ ಹಪ್ಪಳದಂತೆ ಹರಿಯಿತು. ವಾಪಸ್ ಹೋಗಿ ಕೇಳಿದರೆ, "ಸರ್, ಕಟ್ ಮಾಡಿದ್ರ ಕಟ್ ಆಗ್ತೈತಿ, ಟೇರ್ ಮಾಡಿದ್ರ ಟೇರ್ ಆಗ್ತೈತಿ, ಎರಡೂ ಇದ್ರಾಗ ಐತಿ ನೋಡ್ರಿ" ಅಂದರು. ಇಂಥ ಮಾತಿಗೆ ಎದುರು ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ದಾರದ್ದು ಇನ್ನೊಂದು ಕತೆ. ಕಪ್ಪು ಬಟ್ಟೆಗೆ ಕೆಂಪು, ಹಸಿರು, ಹಳದಿ, ಬಿಳಿ ತೊಗೊಂಡೆ. ಕೆಂಪು ಅಂತ ಕೊಟ್ಟಿದ್ದು ಅಂಗಡಿಯ ಲೈಟಿನಲ್ಲಿ ಕುಂಕುಮ, ಬಿಸಿಲಿಗೆ ಹಿಡಿದರೆ ಗುಲಾಬಿ. ಶೇಡ್ ಕಾರ್ಡ್ ಕೇಳಿದರೆ, ಇದ್ದಿದ್ದನ್ನು ಹೋದ ವರ್ಷ ಯಾರೋ ಒಯ್ದರು, ಇನ್ನೂ ತಂದಿಲ್ಲ ಅಂತಾರೆ.

ಎರಡನೇ ಸಲ ಬ್ಯಾಕಿಂಗ್ ಎರಡು ಪದರ. ಅದೇ ಡಬಲ್. ಮೂರನೇ ಸಲ ಸ್ಪೀಡ್ ಇಳಿಸಿದೆ. ಅದೇ. ನಾಲ್ಕನೇ ಸಲ ಹೂಪಿನ ಒಳರಿಂಗಿಗೆ ಹತ್ತಿ ಪಟ್ಟಿ ಸುತ್ತಿ, ಬಟ್ಟೆಯನ್ನು ಹಲಗೆ ಬಾರಿಸೋ ಹಾಗೆ ಬಿಗಿ ಮಾಡಿದೆ. ಸೂಜಿ ಮುರಿಯಿತು, ಡಬಲ್ ಹೋಗಲಿಲ್ಲ. ಐದನೇ ಸಲ ಅರ್ಧಕ್ಕೆ ಕರೆಂಟ್ ಹೋಯಿತು. ನಿಜ ಹೇಳಬೇಕಂದರೆ ಸಮಾಧಾನವೇ ಆಯಿತು.

ಭಾನುವಾರ ಆ ತುಂಡುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಧಾರವಾಡಕ್ಕೆ, ದೊಡ್ಡವ್ವನ ಹತ್ತಿರ ಹೋದೆ. ಬೈಸಿಕೊಳ್ಳೋಕೆ ತಯಾರಾಗಿಯೇ ಹೋಗಿದ್ದೆ. ದೊಡ್ಡವ್ವ ಕನ್ನಡಕ ಏರಿಸಿ, ಬಟ್ಟೆಯ ಮುಂಭಾಗ ನೋಡಲೇ ಇಲ್ಲ. ಸೀದಾ ಹಿಂದೆ ತಿರುಗಿಸಿದಳು. ಕಸೂತಿ ಹಾಕೋರ ಚಾಳಿಯೇ ಅದು, ಮೊದಲು ಬೆನ್ನು ನೋಡೋದು. ಬುಡದ ಗೆರೆಯ ಮೇಲೆ, ಮುಂಭಾಗದ ಲೆಕ್ಕದಲ್ಲಿ ಬಲದಿಂದ ಎಡಕ್ಕೆ, ಉಗುರು ಎಳೆದುಕೊಂಡು ಹೋಗಿ, ಕೊನೆ ಮುಟ್ಟೋಕೆ ಒಂದಿಷ್ಟು ಮುಂಚೆ ನಿಲ್ಲಿಸಿದಳು.

"ಇಲ್ಲೆ ಒಂದ ಎಳಿ ಐತಿ ನೋಡು. ಇಲ್ಲೀತನ ಎರಡ ಅದಾವ."

ನಾನು ಬಗ್ಗಿ ನೋಡಿದೆ. ಹೌದು. ಎಡತುದಿಯ ನಾಲ್ಕು ಮಿ.ಮೀ. ಗೆರೆ ಸಣ್ಣ. ಐದು ತುಂಡಿನಲ್ಲೂ ಅಷ್ಟೇ ಜಾಗ, ಅಷ್ಟೇ ಸಣ್ಣ.

"ಅರಿಬಿ ಜಾರಿಲ್ಲೋ ತಮ್ಮಾ. ನಿನ್ನ ಮಷಿನ್ನಿಗೆ ಎಣಸಾಕ ಬರಂಗಿಲ್ಲ. ಹೋದ ತೂತಿನಾಗ ಹೊಳ್ಳಿ ಬರಬೇಕು. ಇದು ಹೋಗೂಮುಂದ ಒಂದು ಲೆಕ್ಕ, ಬರೂಮುಂದ ಒಂದು ಲೆಕ್ಕ ಹಾಕ್ಯದ."

ಬಸ್ಸಿನಲ್ಲಿ ವಾಪಸ್ ಬರುವಾಗ ನವನಗರ ದಾಟೋವರೆಗೂ ಅದೇ ಮಾತು ತಲೆಯಲ್ಲಿ. ಬಟ್ಟೆ ಜಾರಿದ್ದರೆ ಐದು ಸಲವೂ ಅಳತೆ ಇಟ್ಟಂತೆ ಅದೇ ನಾಲ್ಕು ಮಿ.ಮೀ. ಹೇಗೆ ಜಾರುತ್ತದೆ?

ಈಗ ಲಗ್ನಪತ್ರಿಕೆ. ಮನೆಯಲ್ಲಿ ಹಳೇ ಪತ್ರಿಕೆಗಳ ಒಂದು ಗಂಟು ಇದೆ, ಎಲ್ಲರ ಮನೆಯಲ್ಲೂ ಇರುತ್ತದೆ. ಬಟ್ಟೆಯಲ್ಲಿ ತೂತು ಮುಚ್ಚಿಹೋಗುತ್ತದೆ, ರಟ್ಟಿನಲ್ಲಿ ಹಾಗೇ ಉಳಿಯುತ್ತದೆ. ಬುಡದ ಗೆರೆ ಒಂದನ್ನೇ ಬೇರೆ ಫೈಲ್ ಮಾಡಿ, ಹೂಪಿನಲ್ಲಿ ಬರೀ ಬ್ಯಾಕಿಂಗ್ ಬಿಗಿದು, ಅದರ ಮೇಲೆ ಪತ್ರಿಕೆಯನ್ನು ಟೇಪಿನಿಂದ ಅಂಟಿಸಿದೆ. ದಾರ ಇಲ್ಲದೆ ಓಡಿಸಿದರೆ ನನ್ನ ಮಷಿನ್ ನಿಂತು ಕಿರುಚುತ್ತದೆ. ಹಾಗಾಗಿ ಆ ಗುಲಾಬಿ ದಾರವನ್ನೇ ಹಾಕಿ ಓಡಿಸಿದೆ, ಆಮೇಲೆ ಕೆಳಗಿನ ದಾರ ಎಳೆದು ಎಲ್ಲ ಬಿಚ್ಚಿದೆ. ಪತ್ರಿಕೆಯನ್ನು ಕಿಟಕಿಗೆ ಹಿಡಿದೆ.

ಬಲತುದಿಯಲ್ಲಿ ಒಂದೇ ತೂತು, ದುಂಡಗೆ. ಅದರ ಪಕ್ಕದ್ದು ಸ್ವಲ್ಪ ಉದ್ದ, ಅಕ್ಕಿಕಾಳಿನಂತೆ. ಮುಂದಿನದು ಇನ್ನೂ ಉದ್ದ. ಆಮೇಲೆ ಎರಡು ತೂತು ಬೇರೆಬೇರೆ. ಅಂತರ ಬೆಳೀತಾ ಬೆಳೀತಾ ಹೋಗಿ, ಮತ್ತೆ ಹತ್ತಿರ ಬಂದು, ಒಂದು ಕಡೆ ಮತ್ತೆ ಒಂದೇ ದುಂಡು ತೂತು! ಎಣಿಸಿದೆ. ವಾಪಸ್ ಬಂದ ಹೊಲಿಗೆ ಹದಿನೆಂಟು, ಅಷ್ಟೇ ಉದ್ದಕ್ಕೆ ಹೋದ ಹೊಲಿಗೆ ಹದಿನೇಳು. ಅದರಾಚೆ ಇನ್ನೂ ಹದಿನೆಂಟು ದಾಟಿದರೆ ಮತ್ತೆ ದುಂಡು ತೂತು.

ಡಿಪ್ಲೊಮಾ ಮಾಡಿದವರಿಗೆ ಇದನ್ನು ಹೇಳಬೇಕಿಲ್ಲ. ಇದು ವರ್ನಿಯರ್ ಸ್ಕೇಲು! ಎರಡು ಬೇರೆ ಅಳತೆಯ ಗೀಟುಗಳು ಆಗಾಗ ಒಂದರ ಮೇಲೊಂದು ಕೂರೋದು. ಹದಿನೇಳು ದೊಡ್ಡ ಹೆಜ್ಜೆ, ಹದಿನೆಂಟು ಸಣ್ಣ ಹೆಜ್ಜೆ ಸಮ ಆಗಬೇಕಂದರೆ ಒಂದು 1.8, ಇನ್ನೊಂದು 1.7. ಎರಡೂ ಕಡೆ 30.6 ಮಿ.ಮೀ. ನಾನು ಕೇಳಿದ್ದು? 2 ಮಿ.ಮೀ.ನ 87.5 ಪರ್ಸೆಂಟ್, ಅಂದರೆ 1.75.

ಅಲ್ಲಿಗೆ ಗಂಟು ಬಿಚ್ಚಿಕೊಂಡಿತು. ಮಷಿನ್ ಓದೋ ಡಿಎಸ್‌ಟಿ ಫೈಲಿನಲ್ಲಿ ಸೂಜಿ ಎಲ್ಲಿದೆ ಅಂತ ಬರೆದಿರಲ್ಲ. ಹಿಂದಿನ ತೂತಿನಿಂದ ಎಷ್ಟು ಸರಿಯಬೇಕು ಅಂತ ಮಾತ್ರ ಇರುತ್ತದೆ, ಅದೂ 0.1 ಮಿ.ಮೀ. ಲೆಕ್ಕದಲ್ಲಿ, ಪೂರ್ಣ ಸಂಖ್ಯೆ. 17.5 ಅಂತ ಬರೆಯೋಕೆ ಅಲ್ಲಿ ಜಾಗವೇ ಇಲ್ಲ. ನಾನು ಸೈಜು ಇಳಿಸಿದ್ದು ಯಾವ ಕಾಲದ್ದೋ ಒಂದು ಹಳೇ ಸಾಫ್ಟ್‌ವೇರಿನಲ್ಲಿ. ಮಷಿನ್ ಜೊತೆ ಸಿಡಿಯಲ್ಲಿ ಬಂದಿದ್ದು, ಮಾಡಿದವರ ಹೆಸರು ಹೇಳಲ್ಲ. ಅದು ಪ್ರತಿ ಹೆಜ್ಜೆಯನ್ನೂ ಬೇರೆಬೇರೆಯಾಗಿ ಮೇಲಕ್ಕೆ ರೌಂಡ್ ಮಾಡುತ್ತದೆ. ಬಲಕ್ಕೆ ಹೋಗುವಾಗ 17.5 ಹೋಗಿ 18. ಎಡಕ್ಕೆ ಬರುವಾಗ ಮೈನಸ್ 17.5, ಅದನ್ನು 'ಮೇಲಕ್ಕೆ' ಮಾಡಿದರೆ ಮೈನಸ್ 17! ನಲವತ್ತು ಹೆಜ್ಜೆ ಹೋದರೆ 72 ಮಿ.ಮೀ., ನಲವತ್ತು ಹೆಜ್ಜೆ ಬಂದರೆ 68. ಬಲಕ್ಕೆ 2 ಮಿ.ಮೀ. ಹೊರಗೆ ಚಾಚಿದ್ದು ಅದಕ್ಕೆ, ಎಡಕ್ಕೆ 4 ಮಿ.ಮೀ. ಒಂಟಿ ಎಳೆ ಉಳಿದಿದ್ದೂ ಅದಕ್ಕೆ. ಮೇಲೆ ಕೆಳಗೆ ಹೋಗುವಾಗಲೂ ಇದೇ ಹಾಡು. ದಾರ ಕತ್ತರಿಸಿ ಹೊಸ ತುಂಡು ಶುರು ಮಾಡಿದಾಗ ಮಾತ್ರ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತಿತ್ತು, ಅದನ್ನು ನೋಡಿಯೇ ನಾನು ಬಟ್ಟೆಯ ಮೇಲೆ ಗೂಬೆ ಕೂರಿಸಿದ್ದು. ಸರಿಯಾಗಿ ಬರೆದ ಸಾಫ್ಟ್‌ವೇರು ಶುರುವಿನಿಂದ ಒಟ್ಟು ದೂರ ಲೆಕ್ಕ ಹಾಕಿ ಅದನ್ನು ರೌಂಡ್ ಮಾಡುತ್ತದೆ, ಆಗ ತಪ್ಪು ಸೇರ್ತಾ ಹೋಗಲ್ಲ.

ಒಂದು ಸಲ ಹೋಗಿ ಅಲ್ಲೇ ನಿಲ್ಲುವ ಡಿಸೈನ್ ಆಗಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ ಅನ್ನೋದು ನನಗೆ ಮಜಾ ಅನ್ನಿಸಿತು. ಹೂವು, ಎಲೆ ತುಂಬೋ ಡಿಸೈನಿನಲ್ಲಿ ಯಾರು ಅರ್ಧ ಮಿ.ಮೀ. ನೋಡ್ತಾರೆ? ಹೋದ ದಾರಿಯಲ್ಲೇ ತಿರುಗಿ ಬರಬೇಕು ಅನ್ನೋ ಗವಂತಿಯೇ ಸಿಕ್ಕಿಸಿ ಹಾಕಿದ್ದು.

ನಂಬಿಕೆ ಬರಲಿ ಅಂತ ಅದೇ ದರಿದ್ರ ಸಾಫ್ಟ್‌ವೇರಿನಲ್ಲಿ 85 ಪರ್ಸೆಂಟಿಗೆ ಇಳಿಸಿದೆ. 20ರ 85 ಪರ್ಸೆಂಟ್ ನೇರವಾಗಿ 17, ರೌಂಡ್ ಮಾಡೋಕೆ ಏನೂ ಉಳಿಯಲ್ಲ. ಅದೇ ಪತ್ರಿಕೆಯ ಕೆಳಭಾಗದಲ್ಲಿ, 'ತಮ್ಮ ಆಗಮನಾಭಿಲಾಷಿಗಳು' ಮೇಲೆ ಹೊಲಿದೆ. ನಲವತ್ತೊಂದು ತೂತು, ಎಲ್ಲ ದುಂಡಗೆ.

ಅಲ್ಲಿಗೆ ಬಿಡಬಹುದಿತ್ತು, ಆದರೆ ಆ ಸಾಫ್ಟ್‌ವೇರ್ ಮೇಲೆ ಮನಸ್ಸು ಮುರಿದಿತ್ತು. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರಿನಲ್ಲಿ 1.7 ಮಿ.ಮೀ. ಗ್ರಿಡ್ ಹಾಕಿ, ಗೆರೆ ಗ್ರಿಡ್ಡಿಗೇ ಅಂಟಿಕೊಳ್ಳೋ ಹಾಗೆ ಸ್ನ್ಯಾಪ್ ಆನ್ ಮಾಡಿ, ಗೋಪುರ ಆನೆ ಎರಡನ್ನೂ ಮೊದಲಿಂದ ಬಿಡಿಸಿದೆ. ಅದಕ್ಕೆ ಸೇರಿಸಿಕೊಳ್ಳೋ ಎಂಬ್ರಾಯ್ಡರಿ ಎಕ್ಸ್‌ಟೆನ್ಶನ್ ಇಂಕ್‌ಸ್ಟಿಚ್‌ನಲ್ಲಿ ಮ್ಯಾನ್ಯುಯಲ್ ಸ್ಟಿಚ್ ಆರಿಸಿದರೆ ಗೆರೆಯ ಪ್ರತಿ ನೋಡ್ (ಬಿಂದು) ಒಂದು ತೂತು, ಅದು ತನ್ನ ಬುದ್ಧಿ ಓಡಿಸಿ ಹೊಲಿಗೆ ಹಂಚೋಕೆ ಹೋಗಲ್ಲ. ರನ್ನಿಂಗ್ ಸ್ಟಿಚ್ ಇಟ್ಟರೆ ಉದ್ದ ಗೆರೆಯನ್ನು ತನಗೆ ತೋಚಿದಂತೆ ಭಾಗ ಮಾಡುತ್ತದೆ, ಕಸೂತಿಗೆ ಅದು ಆಗಲ್ಲ. ಬಿಡಿಬಿಡಿ ಗೆರೆ ಕೊಟ್ಟರೆ ಎಲ್ಲದರ ಮೇಲೂ ಎರಡು ಸಲ ಓಡಾಡೋ ದಾರಿಯನ್ನು ತಾನೇ ಹುಡುಕೋ ರೆಡ್‌ವರ್ಕ್ ಅನ್ನೋ ಟೂಲೂ ಅದರಲ್ಲಿದೆ. ಅದು ಹಾಕಿದ ದಾರಿ ನೋಡಿಕೊಂಡು ನಾನು ಕೈಯಾರೆ ಜೋಡಿಸಿದೆ. ಪ್ರತಿ ಗೆರೆ ಎರಡು ಸಲ ಅಂದರೆ, ಚಿತ್ರದ ಗೆರೆಗಳು ಒಂದಕ್ಕೊಂದು ಕೂಡಿರೋವರೆಗೆ, ಎಲ್ಲಿ ಶುರು ಮಾಡಿದರೂ ಸೂಜಿ ಎತ್ತದೆ ಅಲ್ಲಿಗೇ ವಾಪಸ್ ಬರಬಹುದು. ಗಣಿತದಲ್ಲಿ ಇದು 1736ರ ಸುಮಾರಿಗೆ ಆಯ್ಲರ್ ಅನ್ನೋ ಗಣಿತಜ್ಞ ಒಂದು ಊರಿನ ಸೇತುವೆಗಳನ್ನೆಲ್ಲ ಒಂದೊಂದೇ ಸಲ ದಾಟೋ ಒಗಟು ಬಿಡಿಸಿದಾಗಿನಿಂದ ಬಂದ ಮಾತು. ದೊಡ್ಡವ್ವನಿಗೆ ಹೇಳಿದೆ. "ಅಂವಾ ಕಸೂತಿ ಹಾಕ್ತಿದ್ದನೇನು?" ಅಂದಳು.

ಸೇರಿಸುವಾಗ ಒಂದೇ ಉಪಾಯ ಮಾಡಿದೆ. ಗೋಪುರದ ಬುಡದಿಂದ ಆನೆಯ ಸಾಲಿಗೆ ಎರಡು ಚೌಕದ ಒಂದು ಪುಟ್ಟ ಗೆರೆ ಇಳಿಸಿದೆ, ಗಂಟೆಯ ಸರಪಳಿಯಂತೆ. ಅದು ಡಿಸೈನಿನ ಭಾಗ ಅಂತಲೇ ಕಾಣುತ್ತದೆ, ನಡುವೆ ಹೊಲಿಯದೆ ಹಾರೋ ಜಂಪ್ ಇಲ್ಲ. ಹಳೇ ಫೈಲಿನಲ್ಲಿ ಇಪ್ಪತ್ತಮೂರು ಸಲ ದಾರ ಕತ್ತರಿಸುತ್ತಿತ್ತು. ಈಗ ಬಣ್ಣ ಬದಲಿಸುವಾಗ ಮಾತ್ರ, ಮೂರು ಸಲ.

ಇದರ ಮಧ್ಯೆ ಮುಂದಿನ ಕೆಲಸ ತಲೆಗೆ ಹೊಕ್ಕಿದೆ. ಹಾವೇರಿಯ ಏಲಕ್ಕಿ ಹಾರ ನೋಡಿದ್ದೀರಲ್ಲ? ಅದನ್ನು ದಾರದಲ್ಲಿ ಮಾಡಿದರೆ ಹೇಗೆ! ನೀರಲ್ಲಿ ಕರಗೋ ಬ್ಯಾಕಿಂಗ್ ಮೇಲೆ ಒಂದೊಂದು ಏಲಕ್ಕಿಯನ್ನೂ ಬಿಡಿ ಲೇಸ್ ಥರ ಹೊಲಿದು, ತೊಳೆದು, ಒಣಗಿಸಿ, ಪೋಣಿಸಿ ಬಾಗಿಲಿಗೆ ತೋರಣ. ಒಂದು ಏಲಕ್ಕಿ ಆಗಲೇ ಬಿಡಿಸಿದ್ದೇನೆ. ತೊಳೆದ ಮೇಲೆ ಗೋಡಂಬಿಯಾಯಿತು. ಗೆರೆಗಳು ಒಂದಕ್ಕೊಂದು ಹೆಣೆದುಕೊಂಡಿರಲಿಲ್ಲ, ಬ್ಯಾಕಿಂಗ್ ಕರಗಿದ ತಕ್ಷಣ ಮುದುಡಿತು. ಅಡ್ಡ ಉದ್ದ ಜಾಲರಿ ಮೊದಲು ಹೊಲಿದು ಅದರ ಮೇಲೆ ಅಂಚು ಹಾಕಬೇಕು. ಇರಲಿ, ಕುಬಸ ಮುಗಿಯಲಿ.

ನಿನ್ನೆಯದನ್ನು ಫೋಟೋ ತೆಗೆದು ಕಳಿಸಿದೆ. ಹಿಂಭಾಗದ್ದೂ ಕಳಿಸು ಅಂತ ದೊಡ್ಡವ್ವನ ಫೋನು. ಕಳಿಸಿದೆ. "ಚಲೋ ಆಗೇದ. ಖರೇ ಕಸೂತಿ ಅಂತ ಯಾರಿಗೂ ಹೇಳಬ್ಯಾಡ" ಅಂದಳು. ಹೇಳಲ್ಲ. ಎಳೆ ಎಣಿಸಿ ಹಾಕೋದಕ್ಕೆ ಮಾತ್ರ ಆ ಹೆಸರು, ನಂದು ಮಷಿನ್ ಎಂಬ್ರಾಯ್ಡರಿ.

ಆಮೇಲೆ ಅವಳೇ ಕೇಳಿದಳು: "ಇನ್ನೊಂದು ತೋಳಿನ್ಯಾಗ ಆನಿ ಯಾಕಡೆ ಮುಖ ಮಾಡ್ತಾವು?"

ಅಯ್ಯೋ. ಎರಡನೇ ತೋಳಿಗೆ ಅದೇ ಫೈಲ್ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ. ಹೊಲಿದಿದ್ದರೆ ಒಂದು ತೋಳಿನ ಆನೆಗಳು ಮುಂದಕ್ಕೆ, ಇನ್ನೊಂದರವು ಬೆನ್ನ ಕಡೆಗೆ ಹೊರಟಿರುತ್ತಿದ್ದವು. ಇವತ್ತು ರಾತ್ರಿ ಮಿರರ್ ಮಾಡಿ ಹೊಲಿಯುತ್ತೇನೆ. ಮಿರರ್ ಮಾಡಿದ ಮೇಲೆ ಮೊದಲು ಒಂದು ಲಗ್ನಪತ್ರಿಕೆ.