ಹಳೆಯ ಜಾಜ್ ಬೇಸ್ ಮತ್ತೆ ತಯಾರಾದಾಗ ಏನು ಬದಲಾಗಬಹುದು, ಏನು ಬದಲಾಗಬಾರದು?

ಬೇಸ್ ಗಿಟಾರ್ ನುಡಿಸುವವರು, ಅದರಲ್ಲೂ ಹೊಸದೊಂದನ್ನು ಕೊಳ್ಳಲು ಹೊರಟವರು, ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಫೆಂಡರ್ ಕಂಪನಿಯ ಜಾಜ್ ಬೇಸ್‌ನಂಥ ಹಳೆಯ ಮಾದರಿಯನ್ನು ದಶಕಗಳ ನಂತರ ಮರುಬಿಡುಗಡೆ ಮಾಡುವಾಗ ಅದರ ವಿನ್ಯಾಸದಲ್ಲಿ ಅಲ್ಲಲ್ಲಿ ಬದಲಾವಣೆ ಮಾಡಿದರೆ, ಅದನ್ನು ಹಳೆಯ ಮಾದರಿ ಎಂದೇ ಕರೆಯಬಹುದೇ? ಬೇಸ್ ಪ್ರಿಯರ ನಡುವೆ ಈ ಚರ್ಚೆ ಎಷ್ಟು ಬಿಸಿಯೇರುತ್ತದೆಂದರೆ, ಒಬ್ಬರು ಒಂದು ಸ್ಕ್ರೂವಿನ ತಲೆ ಬೇರೆಯಾಗಿದ್ದರೂ ವಾದ್ಯವನ್ನು ತಿರಸ್ಕರಿಸುತ್ತಾರೆ, ಇನ್ನೊಬ್ಬರು ತಂತಿ ಬಿಗಿಸುವ ತುದಿಯ, ಎಂದರೆ ಹೆಡ್‌ಸ್ಟಾಕ್‌ನ ಮೇಲಿನ ಹೆಸರೊಂದು ಇದ್ದರೆ ಸಾಕೆನ್ನುತ್ತಾರೆ. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ತಂತಿಯ ಕಂಪನವನ್ನು ಎಲ್ಲಿಂದ ಮತ್ತು ಹೇಗೆ ಹಿಡಿಯಲಾಗುತ್ತದೆ ಎಂಬುದನ್ನು ಬದಲಿಸಿದರೆ, ಅಥವಾ ಎಡಗೈ ಹಿಡಿಯುವ ನೆಕ್‌ನ ಆಕಾರವನ್ನು ಬದಲಿಸಿದರೆ, ಅದು ಬೇರೆಯೇ ವಾದ್ಯವಾಗುತ್ತದೆ. ವಾದ್ಯವನ್ನು ವರ್ಷಾನುಗಟ್ಟಲೆ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲೆಂದು ಮಾಡಿದ ಬದಲಾವಣೆಗಳಿಂದ ಅದು ಬೇರೆಯಾಗುವುದಿಲ್ಲ. ಹೀಗೆ ಏಕೆ ಹೇಳುತ್ತೇನೆ ಎಂಬುದನ್ನು ಜಾಜ್ ಬೇಸ್‌ನ ಉದಾಹರಣೆಯಿಂದಲೇ ವಿವರಿಸುತ್ತೇನೆ.

ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನು ತಂದಿತ್ತು. 1960ರಲ್ಲಿ ಅದಕ್ಕೆ ಜೊತೆಯಾಗಿ ಬಂದ ಜಾಜ್ ಬೇಸ್‌ನಲ್ಲಿ ಒಂದರ ಬದಲು ಎರಡು ಪಿಕಪ್‌ಗಳು, ಎಂದರೆ ಅಯಸ್ಕಾಂತ ಮತ್ತು ಲೋಹತಂತಿಯ ಸುರುಳಿಯಿಂದ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನಗಳು ಇದ್ದವು. ಹೆಡ್‌ಸ್ಟಾಕ್ ಕಡೆಯಲ್ಲಿ ತಂತಿಗಳು ಕೂರುವ ಗೀರುಗಳ ಪಟ್ಟಿಯ, ಎಂದರೆ ನಟ್‌ನ ಬಳಿ ನೆಕ್‌ನ ಅಗಲ ಒಂದೂವರೆ ಇಂಚಿಗೆ, ಎಂದರೆ ಸುಮಾರು 38 ಮಿಲಿಮೀಟರಿಗೆ ಇಳಿದಿತ್ತು. ತಂತಿಯ ಉದ್ದ ಮಾತ್ರ ಎರಡರಲ್ಲೂ 34 ಇಂಚೇ ಆಗಿತ್ತು. ಮೊದಲ ಜಾಜ್ ಬೇಸ್‌ಗಳಲ್ಲಿ ಪ್ರತಿ ಪಿಕಪ್‌ಗೂ ಒಂದರ ಮೇಲೊಂದು ಕೂತ ಜೋಡಿ ನಾಬ್‌ಗಳಿದ್ದು, ಒಂದು ವಾಲ್ಯೂಮ್‌ಗೂ ಇನ್ನೊಂದು ಟೋನ್‌ಗೂ ಮೀಸಲಾಗಿದ್ದವು. 1962ರ ಹೊತ್ತಿಗೆ ಅವು ಹೋಗಿ, ಎರಡು ವಾಲ್ಯೂಮ್ ಮತ್ತು ಒಂದು ಟೋನ್ ಎಂಬ ಮೂರು ನಾಬ್‌ಗಳ ವ್ಯವಸ್ಥೆ ಬಂತು. ಅದೇ 1962ರ ನಡುವಿನಲ್ಲಿ ನೆಕ್ ಮೇಲೆ ಬೆರಳೊತ್ತುವ ರೋಸ್‌ವುಡ್ ಹಲಗೆ, ಎಂದರೆ ಫಿಂಗರ್‌ಬೋರ್ಡ್ ಕೂಡ ಬದಲಾಯಿತು. ಅಡಿಭಾಗ ಸಮತಟ್ಟಾಗಿದ್ದ ದಪ್ಪ ಹಲಗೆಯ ಜಾಗಕ್ಕೆ ನೆಕ್‌ನ ಬಾಗಿಗೆ ಹೊಂದಿಕೊಂಡಂತೆ ಅಂಟಿಸಿದ ತೆಳುವಾದ ಪದರ ಬಂತು. ಮೂಲಕ್ಕೆ ನಿಷ್ಠವಾಗಿರಬೇಕು ಎಂದು ವಾದಿಸುವವರು ಬಹಳ ಸಲ ಮರೆಯುವ ವಿಷಯ ಇದು. 1982ರಲ್ಲಿ ಫೆಂಡರ್ ತನ್ನ ಹಳೆಯ ಮಾದರಿಗಳ ಮರುಬಿಡುಗಡೆಯನ್ನು ಆರಂಭಿಸಿದಾಗ ಜಾಜ್ ಬೇಸ್‌ಗೆ ಆರಿಸಿಕೊಂಡ ವರ್ಷವೂ 1962ನೆಯದೇ. ಆದರೆ 1962ರ ಜಾಜ್ ಬೇಸ್ ಎಂಬ ಒಂದೇ ವಸ್ತು ಇರಲೇ ಇಲ್ಲ; ಆ ವರ್ಷದ ಆರಂಭದಲ್ಲಿ ತಯಾರಾದ ಬೇಸ್‌ಗೂ ಕೊನೆಯಲ್ಲಿ ತಯಾರಾದ ಬೇಸ್‌ಗೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿತ್ತು. ಹಾಗಿರುವಾಗ ಯಾವುದೋ ಒಂದನ್ನು ಮೂಲವೆಂದು ಆರಿಸುವುದೇ ಒಂದು ವಿನ್ಯಾಸದ ನಿರ್ಧಾರವಾಗುತ್ತದೆ.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ಪಿಕಪ್‌ಗಳ ಜಾಗಕ್ಕೆ ಬರುತ್ತೇನೆ. ಅರವತ್ತರ ದಶಕದ ಜಾಜ್ ಬೇಸ್‌ನಲ್ಲಿ ಎರಡು ಪಿಕಪ್‌ಗಳ ನಡುವಣ ಅಂತರ ಸುಮಾರು 3.6 ಇಂಚು. ಎಪ್ಪತ್ತರ ದಶಕದ ಆರಂಭದಲ್ಲಿ ಹಿಂದಿನ ಪಿಕಪ್ ಅನ್ನು ದೇಹದ ಮೇಲೆ ತಂತಿಗಳು ಕೂರುವ ಬ್ರಿಜ್ ಕಡೆಗೆ ಸರಿಸಿದ್ದರಿಂದ ಆ ಅಂತರ 4 ಇಂಚಾಯಿತು. ಸರಿದದ್ದು ಸುಮಾರು 10 ಮಿಲಿಮೀಟರ್ ಮಾತ್ರ. ಇಷ್ಟರಿಂದ ಏನಾಗುತ್ತದೆ ಎಂದು ಕೇಳುವವರಿಗೆ ತಂತಿಯ ಸ್ವಭಾವವನ್ನು ನೆನಪಿಸಬೇಕಾಗುತ್ತದೆ. ಮೀಟಿದ ತಂತಿ ಒಂದೇ ರೀತಿಯಲ್ಲಿ ಕಂಪಿಸುವುದಿಲ್ಲ. ಇಡೀ ತಂತಿ ಒಂದಾಗಿ ತೂಗುವುದರಿಂದ ಮೂಲಸ್ವರ ಹುಟ್ಟಿದರೆ, ಅದೇ ಹೊತ್ತಿನಲ್ಲಿ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಭಾಗಗಳಾಗಿ ತೂಗುವುದರಿಂದ ಅದರ ಉಪಸ್ವರಗಳು ಹುಟ್ಟುತ್ತವೆ. ಬ್ರಿಜ್ ಬಳಿ ತಂತಿ ಬಿಗಿಯಾಗಿ ಕೂತಿರುವುದರಿಂದ ಅಲ್ಲಿ ಮೂಲಸ್ವರದ ಓಲಾಟ ತೀರಾ ಕಡಿಮೆ, ಮೇಲಿನ ಉಪಸ್ವರಗಳ ಪಾಲು ಹೆಚ್ಚು. ಪಿಕಪ್ ತನ್ನ ನೇರಕ್ಕೆ ಇರುವ ತಂತಿಯ ತುಣುಕಿನ ಓಲಾಟವನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಹಿಂದಿನ ಪಿಕಪ್ ಬ್ರಿಜ್‌ನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿರುವುದರಿಂದ, ಆ ಸಣ್ಣ ದೂರದಲ್ಲಿ 10 ಮಿಲಿಮೀಟರ್ ಎಂದರೆ ದೊಡ್ಡ ಪಾಲೇ ಸರಿ. ಪಿಕಪ್ ಹಿಂದೆ ಸರಿದಾಗ ಅದರ ನಾದ ತೆಳುವಾಗಿ, ಹರಿತವಾಗಿ, ಹೆಚ್ಚು ಲೋಹಮಯವಾಗಿ ಕೇಳಿಸುತ್ತದೆ. ಎರಡೂ ಪಿಕಪ್‌ಗಳನ್ನು ಪೂರ್ತಿ ತೆರೆದಾಗ, ಎಂದರೆ ಅವುಗಳ ವಾಲ್ಯೂಮ್ ಪೂರ್ತಿ ಏರಿಸಿದಾಗ, ಕೆಲವು ಉಪಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವಲ್ಲ, ಯಾವುವು ಅಳಿಯುತ್ತವೆ ಎಂಬುದೂ ಈ ಅಂತರದಿಂದಲೇ ನಿರ್ಧಾರವಾಗುತ್ತದೆ.

ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ ಹೆಬ್ಬೆರಳಿನ ಹೊಡೆತದ ಸದ್ದು ಕೇಳಿದವರಿಗೆ ಎಪ್ಪತ್ತರ ದಶಕದ ಆ ಜಾಗದ ಗುಣ ಕಿವಿಯಲ್ಲಿ ಉಳಿದಿರುತ್ತದೆ. ಅವರದು 1977ರ ಜಾಜ್ ಬೇಸ್. ಇನ್ನೊಬ್ಬ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಅವರು 1962ರ ಜಾಜ್ ಬೇಸ್‌ನ ಹಿಂದಿನ ಪಿಕಪ್‌ನಿಂದ ಹೊರಡಿಸಿದ, ಮನುಷ್ಯನ ಕಂಠದಂತೆ ಹಾಡುವ ನಾದ ಇನ್ನೊಂದು ಬಗೆಯದು. ಬೆರಳು, ಬಡಿತ, ತಂತಿ ಎಲ್ಲವೂ ಬೇರೆಯಾಗಿದ್ದವು ಎಂಬುದನ್ನು ಒಪ್ಪುತ್ತೇನೆ. ಆದರೂ ಎರಡೂ ಅಂತರಗಳ ಬೇಸ್‌ಗಳಿಗೆ ಒಂದೇ ಬಗೆಯ ತಂತಿ ಹಾಕಿ, ಒಂದೇ ಆಂಪ್ಲಿಫೈಯರ್‌ನಲ್ಲಿ ಹಿಂದಿನ ಪಿಕಪ್ ಒಂದನ್ನೇ ತೆರೆದು ನುಡಿಸಿ ನೋಡಿದಾಗ, ಮಧ್ಯದ ಆ ತುಂಬು ದನಿ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಕಳೆದುಹೋದದ್ದು ನನಗೆ ಪ್ರತಿ ಸಲವೂ ಸ್ಪಷ್ಟವಾಗಿ ಕೇಳಿಸಿದೆ. ಆದ್ದರಿಂದ ಅರವತ್ತರ ದಶಕದ ಹೆಸರಿನಲ್ಲಿ ಮಾರುವ ಬೇಸ್‌ನಲ್ಲಿ ಎಪ್ಪತ್ತರ ದಶಕದ ಅಂತರವಿದ್ದರೆ, ಬಣ್ಣ ಎಷ್ಟೇ ಚೆನ್ನಾಗಿದ್ದರೂ, ಸ್ಕ್ರೂಗಳು ಎಷ್ಟೇ ಹಳೆಯವಾಗಿ ಕಂಡರೂ, ಅದನ್ನು ನಾನು ಆ ದಶಕದ ಬೇಸ್ ಎನ್ನಲಾರೆ.

ಪಿಕಪ್‌ಗಳ ಒಳಗಿನ ರಚನೆಗೂ ಇದೇ ಮಾತು ಅನ್ವಯಿಸುತ್ತದೆ. ಮೂಲ ಪಿಕಪ್‌ಗಳು ಒಂದೇ ಸುರುಳಿಯವು. ಎರಡರ ಸುತ್ತುವ ದಿಕ್ಕನ್ನೂ ಅಯಸ್ಕಾಂತದ ಧ್ರುವವನ್ನೂ ಪರಸ್ಪರ ವಿರುದ್ಧವಾಗಿ ಇಟ್ಟಿರುವುದರಿಂದ, ಎರಡೂ ವಾಲ್ಯೂಮ್‌ಗಳು ಸಮನಾಗಿ ತೆರೆದಿರುವವರೆಗೆ ವಿದ್ಯುತ್ತಿನ ಗುಂಯ್‌ಗುಡುವಿಕೆ ಅಡಗಿರುತ್ತದೆ. ಒಂದನ್ನು ತಗ್ಗಿಸಿದೊಡನೆ ಅದು ಮರಳಿ ಬರುತ್ತದೆ. ಇದನ್ನು ಹೋಗಲಾಡಿಸಲೆಂದು ಒಂದರ ಮೇಲೊಂದು ಎರಡು ಸುರುಳಿಗಳಿರುವ ಪಿಕಪ್‌ಗಳನ್ನು ಕೆಲವು ಮರುಬಿಡುಗಡೆಗಳಲ್ಲಿ ಹಾಕುತ್ತಾರೆ. ರೆಕಾರ್ಡಿಂಗ್ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಅದು ದೊಡ್ಡ ಉಪಕಾರವೇ. ಆದರೆ ಸುರುಳಿ ಬದಲಾದರೆ ಅದರ ಇಂಡಕ್ಟನ್ಸ್, ಎಂದರೆ ವಿದ್ಯುತ್ತಿನ ಏರಿಳಿತಕ್ಕೆ ಅದು ಒಡ್ಡುವ ತಡೆಯ ಗುಣ ಬದಲಾಗುತ್ತದೆ, ಅದರೊಡನೆ ಪಿಕಪ್ ಯಾವ ಎತ್ತರದ ಸ್ವರಗಳನ್ನು ಎತ್ತಿ ತೋರಿಸುತ್ತದೆ ಎಂಬುದೂ ಬದಲಾಗುತ್ತದೆ. ಹಾಗಾಗಿ ಇದನ್ನು ಒಳ್ಳೆಯ ಆಧುನಿಕ ಬೇಸ್ ಎಂದು ಮೆಚ್ಚಲು ನಾನು ಸಿದ್ಧ, ಮರುಬಿಡುಗಡೆ ಎಂದು ಕರೆಯಲು ಸಿದ್ಧನಿಲ್ಲ.

ನೆಕ್ ವಿಷಯದಲ್ಲಿ ಚರ್ಚೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಒಂದೂವರೆ ಇಂಚಿನ ಆ ಅಗಲ ಮತ್ತು ಅಂಗೈಗೆ ತಾಗುವ ದುಂಡುತನವೇ ಜಾಜ್ ಬೇಸ್‌ನ ಗುರುತು, ಅವನ್ನು ಮುಟ್ಟಬಾರದು. ಫಿಂಗರ್‌ಬೋರ್ಡ್‌ನ ಬಾಗು ಹಳೆಯದರಲ್ಲಿ 7.25 ಇಂಚಿನ ತ್ರಿಜ್ಯದ್ದಾಗಿತ್ತು, ಇಂದು ಬಹುಪಾಲು ಬೇಸ್‌ಗಳಲ್ಲಿ ಅದು 9.5 ಇಂಚಿನದು, ಎಂದರೆ ಮೊದಲಿಗಿಂತ ಚಪ್ಪಟೆ. ತಂತಿಯನ್ನು ಎಳೆದು ಬಾಗಿಸಿದಾಗ ಸ್ವರ ಉಸಿರುಗಟ್ಟುತ್ತದೆ ಎಂಬ ಕಾರಣಕ್ಕೆ ಹಳೆಯ ಬಾಗನ್ನು ಬಿಡಬೇಕೆನ್ನುವ ವಾದ ಮಾಮೂಲಿ ಗಿಟಾರ್‌ಗೆ ಸರಿಹೊಂದುತ್ತದೆ. ಬೇಸ್‌ನ ದಪ್ಪ ತಂತಿಯನ್ನು ಹಾಗೆ ಬಾಗಿಸುವವರು ಕಡಿಮೆಯಾದ್ದರಿಂದ ಇಲ್ಲಿ ಆ ವಾದಕ್ಕೆ ಅಷ್ಟು ಬಲವಿಲ್ಲ. ನನ್ನ ಕೈಗೆ ಹಳೆಯ ಬಾಗೇ ಹಿತ, ಆದರೆ ಇದೊಂದರಲ್ಲಿ ಬೇರೆಯವರ ಕೈ ಬೇರೆ ಹೇಳಿದರೆ ಅದನ್ನು ತಪ್ಪೆನ್ನುವುದಿಲ್ಲ.

ಟ್ರಸ್ ರಾಡ್ ವಿಷಯದಲ್ಲಿ ನಾನು ಬದಲಾವಣೆಯ ಪರ. ನೆಕ್ ಒಳಗಿರುವ ಈ ಉಕ್ಕಿನ ಕಂಬಿ ತಂತಿಗಳ ಎಳೆತಕ್ಕೆ ಎದುರಾಗಿ ನೆಕ್ ಬಾಗದಂತೆ ತಡೆಯುತ್ತದೆ. ಹಳೆಯ ಬೇಸ್‌ಗಳಲ್ಲಿ ಅದನ್ನು ತಿರುಗಿಸುವ ಲೋಹದ ನಟ್ (ತಂತಿ ಕೂರುವ ನಟ್ ಅಲ್ಲ) ನೆಕ್‌ನ ಬುಡದಲ್ಲಿದ್ದು, ದೇಹದೊಳಗೆ ಅಡಗಿರುತ್ತಿತ್ತು. ಹವೆಯ ತೇವ ಬದಲಾಗಿ ನೆಕ್ ಸ್ವಲ್ಪ ಬಾಗಿದಾಗಲೆಲ್ಲ ತಂತಿಗಳನ್ನು ಸಡಿಲಿಸಬೇಕು, ನಾಲ್ಕು ಸ್ಕ್ರೂಗಳನ್ನು ತೆಗೆದು ನೆಕ್ ಕಳಚಬೇಕು, ಅಂದಾಜಿನ ಮೇಲೆ ಕಾಲು ಸುತ್ತು ತಿರುಗಿಸಿ ಎಲ್ಲವನ್ನೂ ಮತ್ತೆ ಜೋಡಿಸಿ, ಶ್ರುತಿ ಮಾಡಿ ನೋಡಬೇಕು. ಅಂದಾಜು ತಪ್ಪಿದರೆ ಎಲ್ಲವೂ ಮೊದಲಿನಿಂದ. ಈ ಕೆಲಸವನ್ನು ಎಷ್ಟೋ ಸಲ ಮಾಡಿರುವ ನನಗೆ ಇದರಿಂದ ನಾದಕ್ಕೆ ಏನೋ ಲಾಭವಿದೆ ಎಂಬ ಮಾತು ಎಂದೂ ಮನವರಿಕೆಯಾಗಿಲ್ಲ. ಪದೇಪದೇ ತೆಗೆದು ಹಾಕುವುದರಿಂದ ಮೇಪಲ್ ಮರದಲ್ಲಿನ ಸ್ಕ್ರೂ ತೂತುಗಳು ಸವೆಯುವುದಂತೂ ಖಂಡಿತ. ಈ ಲೋಹದ ನಟ್ ಅನ್ನು ಹೆಡ್‌ಸ್ಟಾಕ್ ಕಡೆಗೆ ತಂದರೆ ನೋಟ ಕೆಡುತ್ತದೆ, ಅಲ್ಲಿನ ಮರವನ್ನು ಕೊರೆಯಬೇಕಾಗುತ್ತದೆ ಎನ್ನುವವರ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೂ ಪರಿಹಾರವಿದೆ. ಕೊನೆಯ ಫ್ರೆಟ್‌ನಾಚೆ (ಫ್ರೆಟ್ ಎಂದರೆ ಫಿಂಗರ್‌ಬೋರ್ಡ್ ಮೇಲಿನ ಅಡ್ಡ ಲೋಹದ ಪಟ್ಟಿ), ನೆಕ್ ದೇಹವನ್ನು ಸೇರುವಲ್ಲಿ ಒಂದು ಪುಟ್ಟ ತೂತುಗಳ ಚಕ್ರವನ್ನು ಇಟ್ಟರೆ ಏನನ್ನೂ ಕಳಚದೆ, ನೋಟಕ್ಕೂ ಹೆಚ್ಚು ಧಕ್ಕೆಯಾಗದಂತೆ ಕಂಬಿಯನ್ನು ತಿರುಗಿಸಬಹುದು.

ನೆಕ್ ಒಳಗೆ ಗ್ರಾಫೈಟ್ ಪಟ್ಟಿಗಳನ್ನು ಹುದುಗಿಸುವುದರ ಬಗ್ಗೆ ನನ್ನ ಮನಸ್ಸು ಇಬ್ಬಗೆಯಾಗಿದೆ. ಸಣ್ಣ ತಂತಿಯ ಮೇಲೆ ಐದರಿಂದ ಏಳನೆಯ ಫ್ರೆಟ್‌ನ ಆಸುಪಾಸಿನಲ್ಲಿ ಸ್ವರವೊಂದು ಬೇಗನೆ ಸತ್ತುಹೋಗುವುದು ಈ ಬಗೆಯ ಬೇಸ್‌ಗಳಿಗೆ ಅಂಟಿಕೊಂಡ ತೊಂದರೆ. ಆ ಸ್ವರದ ಕಂಪನಕ್ಕೆ ನೆಕ್ ತಾನೇ ಸ್ಪಂದಿಸಿ ಅದರ ಶಕ್ತಿಯನ್ನು ಹೀರಿಕೊಳ್ಳುವುದು ಇದಕ್ಕೆ ಕಾರಣ. ಪಟ್ಟಿಗಳಿಂದ ನೆಕ್ ಗಡುಸಾದರೆ ಆ ಸತ್ತ ಜಾಗ ಬೇರೆಡೆಗೆ ಸರಿಯಬಹುದು, ಹಗುರಾಗಲೂಬಹುದು. ಹಳೆಯ ಬೇಸ್ ನುಡಿಸುವವರು ಆ ಜಾಗವನ್ನು ತಿಳಿದು, ಅದೇ ಸ್ವರವನ್ನು ಪಕ್ಕದ ದಪ್ಪ ತಂತಿಯಲ್ಲಿ ಮೇಲೆ ಹೋಗಿ ಹಿಡಿಯುವುದನ್ನು ರೂಢಿಸಿಕೊಂಡಿರುತ್ತಾರೆ. ಹೊಸಬರ ಮೇಲೆ ಅದೇ ಅಭ್ಯಾಸವನ್ನು ಹೇರಬೇಕೇ ಎಂದು ಕೇಳಿದರೆ, ಬೇಡ ಎನ್ನುವ ಕಡೆಗೇ ನಾನು ವಾಲುತ್ತೇನೆ.

ಮೆರುಗಿನ ವಿಷಯಕ್ಕೆ ಹೆಚ್ಚು ಜಾಗ ಕೊಡಲಾರೆ. ನೈಟ್ರೋಸೆಲ್ಯುಲೋಸ್ ಮೆರುಗು ತೆಳುವಾಗಿ, ವಯಸ್ಸಾದಂತೆ ಹಳದಿಗಟ್ಟಿ, ಸೀಳುಬಿಟ್ಟು ಚೆಂದವಾಗುತ್ತದೆ, ಪಾಲಿಯೆಸ್ಟರ್ ಹಾಗಾಗುವುದಿಲ್ಲ. ಕೈಗೂ ಕಣ್ಣಿಗೂ ಅದು ಮುಖ್ಯವಾಗಿರಬಹುದು. ಪೂರ್ತಿ ಮರದಿಂದಾದ, ಟೊಳ್ಳಿಲ್ಲದ ಬೇಸ್‌ನ ನಾದದಲ್ಲಿ ಅದರ ಪಾಲು ಪಿಕಪ್‌ನ ಜಾಗದ ಪಾಲಿನ ಹತ್ತಿರಕ್ಕೂ ಬರುವುದಿಲ್ಲ.

ಕೆಲವು ಬದಲಾವಣೆಗಳು ತಯಾರಕರ ಇಚ್ಛೆಯಿಂದ ಆದವುಗಳೇ ಅಲ್ಲ. ಅರವತ್ತರ ದಶಕದ ಆರಂಭದ ಫಿಂಗರ್‌ಬೋರ್ಡ್‌ಗಳು ಬ್ರೆಜಿಲ್‌ನ ರೋಸ್‌ವುಡ್‌ನವು. ಅಳಿವಿನಂಚಿನ ಜೀವಿಗಳ ಮತ್ತು ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 1992ರಲ್ಲಿ ಆ ಮರವನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. 2017ರ ಆರಂಭದಲ್ಲಿ ನಮ್ಮ ಬೀಟೆಯೂ ಸೇರಿದಂತೆ ಆ ಕುಲದ ಉಳಿದೆಲ್ಲ ಮರಗಳ ಮೇಲೆ ನಿಯಂತ್ರಣ ಬಂತು. ಆಗ ಪಾವ್ ಫೆರೋ ಮರಕ್ಕೆ ಹೊರಳಿದ ಬೇಸ್‌ಗಳನ್ನು ಕಂಡು ಸಿಟ್ಟಾದವರು ಅನೇಕರು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಅದು ಬ್ರೆಜಿಲ್‌ನ ಮರಕ್ಕೆ ಅನ್ವಯಿಸಲಿಲ್ಲ. ಒಂದು ಮರವು ಕಾಡಿನಲ್ಲಿ ಉಳಿಯಲೆಂದು ಫಿಂಗರ್‌ಬೋರ್ಡ್ ಬದಲಾಯಿತೆಂದರೆ ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಅದರ ಬಗ್ಗೆ ಕೋಪಿಸಿಕೊಳ್ಳುವವರನ್ನು ಅರ್ಥಮಾಡಿಕೊಳ್ಳುವುದೂ ನನಗೆ ಕಷ್ಟ.

ಎಲ್ಲವನ್ನೂ ಮೂಲದಂತೆಯೇ ಬೇಕೆನ್ನುವವರು ತಂತಿಯ ಬಗ್ಗೆ ಮೌನವಾಗಿರುವುದು ನನ್ನನ್ನು ಯಾವಾಗಲೂ ಯೋಚನೆಗೆ ಹಚ್ಚುತ್ತದೆ. 1960ರ ಜಾಜ್ ಬೇಸ್ ಬಂದದ್ದು ನುಣುಪಾದ ಫ್ಲಾಟ್‌ವೌಂಡ್ ತಂತಿಗಳೊಡನೆ. ಬ್ರಿಜ್ ಬಳಿ ಸ್ವರವನ್ನು ಮೊಟಕುಗೊಳಿಸುವ ಮ್ಯೂಟ್‌ಗಳಿದ್ದವು, ಮೇಲೆ ಲೋಹದ ಮುಚ್ಚಳಗಳೂ ಇದ್ದವು. ಇಂದು ನಾವು ಜಾಜ್ ಬೇಸ್‌ನದೆಂದು ಗುರುತಿಸುವ ಝಗಮಗಿಸುವ ಸದ್ದು ಹೆಚ್ಚಾಗಿ ಒರಟು ಮೈಯ ರೌಂಡ್‌ವೌಂಡ್ ತಂತಿಗಳದು. ಅವು ಜನಪ್ರಿಯವಾದದ್ದು ಅರವತ್ತರ ದಶಕದ ಕೊನೆಯ ಭಾಗದಲ್ಲಿ. ಜಾಕೊ ಅವರಂತೂ ಫ್ರೆಟ್‌ಗಳಿಲ್ಲದ ನೆಕ್‌ಗೆ ಎಪಾಕ್ಸಿ ಎಂಬ ಗಟ್ಟಿ ರಾಳ ಬಳಿದು, ಅದರ ಮೇಲೆ ರೌಂಡ್‌ವೌಂಡ್ ತಂತಿಗಳನ್ನು ಹಾಕಿಕೊಂಡರು. ಮತ್ತೊಬ್ಬ ಬೇಸ್ ವಾದಕ ಗೆಡ್ಡಿ ಲೀ ತಮ್ಮ 1972ರ ಜಾಜ್ ಬೇಸ್‌ನ ಬ್ರಿಜ್ ಬದಲಿಸಿದರು. ಮುಂದೆ ಅವರ ಹೆಸರಿನಲ್ಲಿ ಬಂದ ಮಾದರಿ ಆ ಬದಲಾದ ಬ್ರಿಜ್ ಸಮೇತವೇ ಬಂತು. ಈ ಇಬ್ಬರೂ ತಮ್ಮ ಬೇಸ್‌ನಲ್ಲಿ ಬಹಳಷ್ಟನ್ನು ಬದಲಿಸಿದರೂ, ಎರಡು ಪಿಕಪ್‌ಗಳ ಆ ಜೋಡಣೆಯ ದನಿಯಿಂದಲೇ ಅವರ ವಾದ್ಯ ಯಾವುದೆಂದು ಗುರುತು ಸಿಗುತ್ತದೆ.

ಹೀಗಾಗಿ ಕೊಳ್ಳಲು ಹೊರಟವರು ಕೇಳಿದಾಗ, ಜೊತೆಗೊಂದು ಅಳತೆ ಪಟ್ಟಿಯನ್ನು ಒಯ್ಯಿರಿ ಎನ್ನುತ್ತೇನೆ. ಒಂದು ಪಿಕಪ್‌ನ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ, ನಟ್ ಬಳಿ ನೆಕ್‌ನ ಅಗಲ ನೋಡಿ, ಪಿಕಪ್ ಒಂದೇ ಸುರುಳಿಯದೇ ಎಂದು ವಿಚಾರಿಸಿ. ಆಮೇಲೆ ಹಿಂದಿನ ಪಿಕಪ್ ಒಂದನ್ನೇ ತೆರೆದು, ನಿಮಗೆ ಚೆನ್ನಾಗಿ ಬರುವ ಒಂದು ನಿಧಾನದ ನಡೆಯನ್ನು ಹತ್ತು ನಿಮಿಷ ನುಡಿಸಿ. ಟ್ರಸ್ ರಾಡ್ ಎಲ್ಲಿದೆ, ಬಣ್ಣ ಯಾವುದು ಎಂಬುದನ್ನು ಅದಾದ ಮೇಲೆ ನೋಡಿದರೂ ನಡೆಯುತ್ತದೆ.