ದಾಟ್ತಾ ಇದೀನಿ

ಮಂಗಳವಾರ ಸಂಜೆಯಿಂದ ಒಂದೇ ಮಾತು ಕಿವಿಯಲ್ಲಿ ಉಳಿದುಬಿಟ್ಟಿದೆ. "ಏನಿಲ್ಲ, ದಾಟ್ತಾ ಇದೀನಿ ಕಣೋ."

ಸ್ಕ್ರೂಡ್ರೈವರ್ ತರೋಣ ಅಂತ ಗ್ಯಾರೇಜಿಗೆ ಹೋಗಿದ್ದೆ. ಕಾರು ಚಾರ್ಜ್ ಆಗ್ತಾ ಇತ್ತು. ದೀಪ ಹಾಕಿರಲಿಲ್ಲ. ಅಪ್ಪ ಕಾರಿನ ಬಾನೆಟ್ ಮೇಲೆ ಎಡಗೈ ಊರಿಕೊಂಡು ನಿಂತಿದ್ದರು. ಕಣ್ಣು ನೆಲದ ಮೇಲೆ. ಬಲಗಾಲು ಎತ್ತಿದರು, ಮತ್ತೆ ಅಲ್ಲೇ ಇಟ್ಟರು. ಇನ್ನೊಂದು ಸಲ ಎತ್ತಿದರು. "ಏನಾಯ್ತಪ್ಪಾ?" ಅಂದೆ. ತಲೆ ಎತ್ತದೆಯೇ ಆ ಉತ್ತರ ಕೊಟ್ಟರು. ಆಮೇಲೆ ನಿಧಾನವಾಗಿ ದಾಟಿದರು. ಹೊಳೆ ದಾಟುವವರು ಕಲ್ಲು ನೋಡಿಕೊಂಡು ಹೆಜ್ಜೆ ಇಡ್ತಾರಲ್ಲ, ಹಾಗೆ.

ಅಲ್ಲಿದ್ದದ್ದು ಚಾರ್ಜರ್ ಕೇಬಲ್. ಕಿರುಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೇ.

ಅವರ ಮಂಡಿ ಒಂದು ವರ್ಷದಿಂದ ಸರಿಯಾಗಿ ಮಡಚುವುದಿಲ್ಲ. ಅದು ನನಗೆ ಗೊತ್ತು. ದಿನಾ ಸಂಜೆ ಗ್ಯಾರೇಜಿನ ಬಾಗಿಲಿಂದಲೇ ವಾಕಿಂಗ್ ಹೋಗುತ್ತಾರೆ. ಅದೂ ಗೊತ್ತು. ನಾನು ಬಂದ ತಕ್ಷಣ ಕಾರು ಚಾರ್ಜಿಗೆ ಹಾಕುತ್ತೇನೆ, ಅದು ಗೊತ್ತೇ ಇದೆ. ಈ ಮೂರನ್ನೂ ನಾನು ಒಂದು ದಿನವೂ ಸೇರಿಸಿ ಯೋಚಿಸಿರಲಿಲ್ಲ. ಕಾರು ಬಂದು ಐದು ತಿಂಗಳಾಯಿತು. ಐದು ತಿಂಗಳ ಸಂಜೆಗಳಲ್ಲಿ ಎಷ್ಟು ಸಲ ಹೀಗೆ ಕತ್ತಲಲ್ಲಿ ಕಾಲೆತ್ತಿ, ಇಟ್ಟು, ಎತ್ತಿರಬಹುದು? ಕೇಳಿದರೆ ಹೇಳುವವರಲ್ಲ ಅವರು. ತನ್ನಿಂದ ಯಾರಿಗೂ ಕೆಲಸ ಹೆಚ್ಚಬಾರದು ಅನ್ನುವ ಮನುಷ್ಯ. ಅಂಥವರ ಜೊತೆ ಬದುಕುವವರು ಎರಡು ಪಟ್ಟು ಕಣ್ಣು ಬಿಟ್ಟುಕೊಂಡಿರಬೇಕು.

ರಾತ್ರಿ ಹೆಂಡತಿಗೆ ಹೇಳಿದೆ. "ನಾನು ಎರಡು ಸಲ ಹೇಳಿದ್ದೆ" ಅಂದಳು. ಹೌದು, ಹೇಳಿದ್ದಳು. ಅವಳು ದಿನಾ ಬೆಳಿಗ್ಗೆ ಆ ಕೇಬಲ್ಲನ್ನು ಕಾಲಿಂದ ಪಕ್ಕಕ್ಕೆ ಸರಿಸಿ ಹೋಗುತ್ತಾಳಂತೆ. ಮಗಳು ಹಾರಿಕೊಂಡು ಹೋಗುತ್ತಾಳೆ. ಮನೆಯಲ್ಲಿ ಒಬ್ಬೊಬ್ಬರೂ ತಮಗೆ ಬಂದ ಹಾಗೆ ದಾರಿ ಮಾಡಿಕೊಂಡಿದ್ದಾರೆ. ಕೇಬಲ್ ನೆಲಕ್ಕೆ ಹಾಕಿದವನು ನಾನೊಬ್ಬನೇ, ಮತ್ತು ನಾನೊಬ್ಬನೇ ಅದನ್ನು ದಾಟುವುದಿಲ್ಲ. ನಾನು ಇಳಿಯುವುದು ಕಾರಿನ ಆ ಕಡೆ.

ಭಾವನಿಗೆ ಫೋನ್ ಮಾಡಿದೆ. ಅವನದೂ ಇಂಥದೇ ಕಾರು. "ತುಳಿದರೂ ಏನೂ ಆಗಲ್ಲ, ಶಾಕ್ ಹೊಡೆಯಲ್ಲ, ಕಾರಿನ ಚಕ್ರ ಹತ್ತಿಸಿಯೇ ಟೆಸ್ಟ್ ಮಾಡಿರ್ತಾರೆ" ಅಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಗನ್, ಅಂದರೆ ಕೇಬಲ್ ತುದಿಯ ಪ್ಲಗ್, ಕಾರಿಗೆ ಸಿಕ್ಕಿಸಿ, ಕಾರು ಮತ್ತು ಚಾರ್ಜರ್ ಒಂದಕ್ಕೊಂದು ಸಿಗ್ನಲ್ ಕೊಟ್ಟುಕೊಂಡ ಮೇಲೆಯೇ ಕರೆಂಟ್ ಹರಿಯುವುದು. ಸುಮ್ನೆ ಬಿದ್ದಿರುವ ಗನ್‌ನಲ್ಲಿ ಅಪಾಯದ ಕರೆಂಟ್ ಇರುವುದಿಲ್ಲ. ಆದರೆ ನಾನು ಕೇಳಿದ್ದು ಅಪ್ಪನ ಬಗ್ಗೆ, ಅವನು ಉತ್ತರ ಕೊಟ್ಟಿದ್ದು ಕೇಬಲ್ ಬಗ್ಗೆ. ಒಳ್ಳೆಯವನೇ. ಯಾವುದಕ್ಕೂ ವಸ್ತುವಿನ ಕಡೆಯಿಂದಲೇ ಯೋಚಿಸುತ್ತಾನೆ, ಅದೊಂದು ನನಗೆ ಹಿಡಿಸುವುದಿಲ್ಲ.

ಬುಧವಾರ ಬೆಳಿಗ್ಗೆ ಚಾರ್ಜರ್ ಆಫ್ ಮಾಡಿ, ಗನ್ ಕೈಗೆ ತೆಗೆದುಕೊಂಡು, ಟಾರ್ಚ್ ಹಾಕಿ ನೋಡಿದೆ. ನಮ್ಮದು ಟೈಪ್ 2 ಅನ್ನುವ ನಮೂನೆಯ ಪ್ಲಗ್. ಏಳು ತೂತು. ಮೇಲಿನ ಎರಡು ಸಣ್ಣವು ಆ ಸಿಗ್ನಲ್‌ಗೆ, ಕೆಳಗಿನ ಐದು ದೊಡ್ಡವು ಕರೆಂಟಿಗೆ ಮತ್ತು ಅರ್ಥಿಂಗಿಗೆ. ಒಂದು ದೊಡ್ಡ ತೂತಿನ ಅಂಚಿನಲ್ಲಿ ಮರಳಿನ ಕಾಳು ಕೂತಿತ್ತು. ಟೈರಿನಿಂದ ಉದುರಿದ ಒದ್ದೆ ಮಣ್ಣು ಒಣಗಿ ಅಂಚಿಗೆಲ್ಲ ಮೆತ್ತಿಕೊಂಡಿತ್ತು. ಇದೂ ಸಣ್ಣ ವಿಷಯ ಅಲ್ಲ. ಕೊಳೆ ಸೇರಿ ಕಾಂಟ್ಯಾಕ್ಟ್ ಸರಿಯಾಗಿ ಕೂರದಿದ್ದರೆ ಅಲ್ಲಿ ಬಿಸಿ ಏರುತ್ತದೆ. 7.4 ಕಿಲೋವ್ಯಾಟ್ ಚಾರ್ಜರ್ ಅಂದರೆ 32 ಆಂಪಿಯರ್, ಅದೂ ಗಂಟೆಗಟ್ಟಲೆ. ಮಿಕ್ಸಿಯ ಹಾಗೆ ಎರಡು ನಿಮಿಷದ ಕೆಲಸವಲ್ಲ.

ಮೊದಲು ಮಾಡಿದ್ದು ಅವಸರದ ಕೆಲಸ. ಗೋಡೆಗೆ ಮೊಳೆ ಹೊಡೆದು ಕೇಬಲ್ ಸುತ್ತಿ ನೇತುಹಾಕಿದೆ. ಸಂಜೆಯೊಳಗೆ ಮೊಳೆಯ ಮೇಲೆ ಕೂತ ಜಾಗದಲ್ಲಿ ಕೇಬಲ್ ಮುರಿದ ಹಾಗೆ ಬಾಗಿತ್ತು. ಪೂರ್ತಿ ಭಾರವೆಲ್ಲ ಒಂದು ಬಿಂದುವಿನ ಮೇಲೆ ಬಿದ್ದರೆ ಒಳಗಿನ ತಂತಿ ಎಷ್ಟು ದಿನ ತಡೆದೀತು? ಮೊಳೆ ಕಿತ್ತೆ. ಅಂಗೈ ಅಗಲದ, ದುಂಡಗೆ ಬಾಗಿದ ಕೊಕ್ಕೆ ತಂದು ಹಾಕಿದೆ. ಗನ್ ಸಿಕ್ಕಿಸಲು ಪಕ್ಕದಲ್ಲಿ ಒಂದು ಹೋಲ್ಡರ್, ಬಾಯಿ ಕೆಳಗೆ ಮಾಡಿ. ಹಾಗಿದ್ದರೆ ಧೂಳು ನೀರು ಒಳಗೆ ನಿಲ್ಲುವುದಿಲ್ಲ.

ಇದರಿಂದ ಅರ್ಧ ಕೆಲಸ ಆಯಿತು. ಚಾರ್ಜಿಗೆ ಹಾಕಿದಾಗ ಕೇಬಲ್ ಮತ್ತೆ ನೆಲಕ್ಕೇ ಬರುತ್ತದಲ್ವಾ? ಅಪ್ಪ ನಿಂತಿದ್ದದ್ದು ಚಾರ್ಜ್ ಆಗುವಾಗಲೇ. ಚಾರ್ಜರ್ ಹಾಕಿಕೊಟ್ಟ ಎಲೆಕ್ಟ್ರಿಷಿಯನ್ನನ್ನು ಕೇಳಿದರೆ, ಉಳಿದ ಕೇಬಲ್ಲನ್ನು ಬಿಗಿಯಾಗಿ ಸುತ್ತಿ ಕಟ್ಟಿಬಿಡಿ ಅಂದ. ಅದನ್ನು ಮಾತ್ರ ನಾನು ಒಪ್ಪಲಿಲ್ಲ. ಚಾರ್ಜ್ ಆಗುವಾಗ ಕೇಬಲ್ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಂದರ ಮೇಲೊಂದು ಬಿಗಿಯಾಗಿ ಸುತ್ತಿದರೆ ಆ ಬಿಸಿ ಹೊರಗೆ ಹೋಗಲು ಜಾಗ ಇರುವುದಿಲ್ಲ. ಅಷ್ಟಕ್ಕೂ ಚಾರ್ಜರ್ ಯಾವ ಗೋಡೆಗೆ ಹಾಕಬೇಕು ಅಂತ ಅವನು ಅವತ್ತು ಒಂದು ಮಾತು ಕೇಳಿರಲಿಲ್ಲ. ಅವನ ವಯರ್ ಉಳಿಯುವ ಜಾಗದಲ್ಲಿ ಹಾಕಿ ಹೋಗಿದ್ದ. ನಾನೂ ತಡೆಯಲಿಲ್ಲ.

ಗುರುವಾರ ಸ್ಟೂಲ್ ಹತ್ತಿದೆ. ವರ್ಕ್‌ಶಾಪುಗಳಲ್ಲಿ ಭಾರದ ಟೂಲ್‌ಗಳನ್ನು ಮೇಲಿಂದ ನೇತುಹಾಕಲು ಸ್ಪ್ರಿಂಗ್ ಬ್ಯಾಲೆನ್ಸರ್ ಅಂತ ಇರುತ್ತದೆ. ಎಳೆದರೆ ಕೆಳಗೆ ಬರುತ್ತದೆ, ಬಿಟ್ಟರೆ ತಾನೇ ಮೇಲೆ ಹೋಗುತ್ತದೆ. ನೇತಾಡುವ ಕೇಬಲ್ ಎಷ್ಟು ತೂಗುತ್ತದೆ ಅಂತ ಮೊದಲೇ ತಕ್ಕಡಿಗೆ ಹಾಕಿ ನೋಡಿದ್ದೆ. ಒಂದೂವರೆ ಕೆಜಿ. ಅದಕ್ಕೆ ಹೊಂದುವಂಥದ್ದನ್ನೇ ತಂದೆ. ಚಾವಣಿಗೆ ಆ್ಯಂಕರ್ ಬೋಲ್ಟ್ ಹಾಕಿ ಬಿಗಿಮಾಡಿದೆ. ಸ್ಪ್ರಿಂಗ್ ಕೈಕೊಟ್ಟರೂ ತಲೆ ಮೇಲೆ ಬೀಳದಿರಲಿ ಅಂತ ಬೇರೆ ಬೋಲ್ಟಿಗೆ ಇನ್ನೊಂದು ಚೈನೂ ಇದೆ. ಕೇಬಲ್ಲನ್ನು ಸಣ್ಣ ಹಗ್ಗದಲ್ಲಿ ಬಿಗಿಯದೆ ಅಗಲವಾದ ಪಟ್ಟಿಯಲ್ಲಿ ತೊಟ್ಟಿಲ ಹಾಗೆ ಹಿಡಿಸಿದೆ. ಗನ್ ಹತ್ತಿರ ಒಂದು ಮೊಳ ಸಡಿಲ ಬಿಟ್ಟೆ. ಇಲ್ಲದಿದ್ದರೆ ಕೇಬಲ್ಲಿನ ಎಳೆತ ಕಾರಿನ ಸಾಕೆಟ್ ಮೇಲೆ ಬೀಳುತ್ತದೆ.

ಈ ಎಲ್ಲ ಕೆಲಸ ಎರಡು ಸಂಜೆ. ಮಂಗಳವಾರದ ಆ ಹೆಜ್ಜೆಯನ್ನು ಇನ್ನೂ ನೋಡುತ್ತಲೇ ಇದ್ದೇನೆ. ಎತ್ತಿದ ಕಾಲು, ಇಟ್ಟ ಕಾಲು. ಮನೆಯಲ್ಲಿ ಇನ್ನೇನೇನು ಹೀಗೆ ಬಿದ್ದಿದೆಯೋ ಅಂತ ಹುಡುಕುತ್ತಾ ಓಡಾಡುತ್ತಿದ್ದೇನೆ. ಬಚ್ಚಲ ಬಾಗಿಲ ಹತ್ತಿರ ಮಡಚಿಕೊಳ್ಳುವ ಕಾಲೊರಸು ಸಿಕ್ಕಿತು. ಅಪ್ಪನ ಮಂಚದ ಪಕ್ಕ ನನ್ನದೇ ಪುಸ್ತಕದ ಡಬ್ಬ. ಚಿಕ್ಕಂದಿನಲ್ಲಿ ನನ್ನ ಆಟದ ಸಾಮಾನೆಲ್ಲ ಎತ್ತಿಟ್ಟು ದಾರಿ ಮಾಡುತ್ತಿದ್ದವರು ಅವರು. ಒಂದು ದಿನವೂ ಬೈದ ನೆನಪಿಲ್ಲ.

ನಿನ್ನೆ ಸಂಜೆ ಗ್ಯಾರೇಜಿನ ದೀಪ ಹಾಕಿ ಕಾದೆ. ಅಪ್ಪ ಬಂದರು. ಖಾಲಿ ನೆಲ ನೋಡಿದರು. ಆಮೇಲೆ ತಲೆ ಎತ್ತಿ ಕೇಬಲ್ ನೋಡಿದರು. ಕೈ ಚಾಚಿ ಮುಟ್ಟಿದರು.

"ಇದು ಸ್ವಲ್ಪ ತಲೆಗೆ ತಾಗುತ್ತಲ್ಲೋ. ನಾಲ್ಕು ಬೆರಳು ಮೇಲೆ ಕಟ್ಟು" ಅಂದರು.

ಅವರನ್ನು ಅಲ್ಲೇ ನಿಲ್ಲಿಸಿಕೊಂಡು, ಅವರ ತಲೆಯ ಅಳತೆಗೇ, ಮೇಲೆ ಕಟ್ಟಿದೆ.