ಲಕ್ಕುಂಡಿ ಉತ್ಸವಕ್ಕೆ ಹೋಗಿ ಬಂದೆ

ಊರ ಉತ್ಸವಗಳಲ್ಲಿ ನನಗೆ ದೊಡ್ಡ ವೇದಿಕೆಗಿಂತ ಮೆರವಣಿಗೆಯೇ ಇಷ್ಟ. ಗದಗ ಹತ್ತಿರದ ಲಕ್ಕುಂಡಿಯಲ್ಲೂ ಅಷ್ಟೇ. ಕರಡಿ ಮಜಲಿನವರು, ಅಂದರೆ ಕರಡಿ ಎಂಬ ಚರ್ಮವಾದ್ಯದ ಮೇಳದವರು, ಬಾರಿಸುತ್ತಾ ಓಣಿಗೆ ಬಂದರೆ ಕಟ್ಟೆ ಮೇಲಿದ್ದ ಅಜ್ಜಂದಿರೂ ಎದ್ದು ನಿಂತರು. ಒಬ್ಬರಂತೂ "ಕೈ ಬಿಗಿ ಹಿಡಿಯೋ ತಮ್ಮಾ, ತಾಳ ತಪ್ಪಾಕತ್ತೈತಿ" ಅಂತ ಕೂಗಿದರು. ಇವರಿಗಿಂತ ತೀರ್ಪುಗಾರರು ಬೇಕಾ!

ಮಿರ್ಚಿ, ಗಿರಮಿಟ್ ಮುಗಿಸಿ ಬ್ರಹ್ಮ ಜಿನಾಲಯದ ಕಡೆ ನಡೆದೆವು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ರನ್ನನಿಗೆ ಆಸರೆಯಾದವಳು. ಅಚ್ಚು ಯಂತ್ರವೇ ಇಲ್ಲದ ಕಾಲದಲ್ಲಿ ಪೊನ್ನನ ಕಾವ್ಯಕ್ಕೆ 1000 ಓಲೆ ಪ್ರತಿ ಮಾಡಿಸಿ ಹಂಚಿದವಳು. ಸುಮ್ನೆ ದಾನಚಿಂತಾಮಣಿ ಅಂದರಾ?

ನನ್ನದೊಂದೇ ಆಸೆ. ಇಂಥ ಊರುಗಳಲ್ಲಿ ದೊಡ್ಡಾಟಕ್ಕೆ (ಉತ್ತರ ಕರ್ನಾಟಕದ ಬಯಲಾಟ) ಅರ್ಧ ಗಂಟೆಯಲ್ಲ, ಇಡೀ ರಾತ್ರಿ ಬಿಡಬೇಕು. ಜನ ಬರಲ್ಲ ಅನ್ನಬೇಡಿ. ಚಾಪೆ, ಕಂಬಳಿ ಸಮೇತ ಬರುತ್ತಾರೆ.